ನಿಮಗಿದು ಗೊತ್ತೆ? ಹಳೇ ಕಂಪ್ಯೂಟರ್ ತೆವಳುವುದೇಕೆ
ತಪ್ಪು ಬಹುತೇಕ ಸಲ ಪ್ರೊಸೆಸರ್‌ನದಲ್ಲ, ಹಾರ್ಡ್ ಡಿಸ್ಕ್‌ನದು. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಅದರ ತಟ್ಟೆಯಲ್ಲಿ ಬೇಕಾದ ಮಾಹಿತಿ ಹುಡುಕಲು ಪ್ರತಿ ಬಾರಿ ಸುಮಾರು 10 ಮಿಲಿಸೆಕೆಂಡ್ ಬೇಕು. ಹಾರ್ಡ್ ಡಿಸ್ಕ್ ಬದಲು ಹಾಕಬಹುದಾದ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ. ಆಗ ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100% ಎಂದು ತೋರಿಸಿದರೆ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಿ. ಹೊಸ ಯಂತ್ರ ಕೊಳ್ಳುವ ಮುನ್ನ ಇಷ್ಟಾದರೂ ಮಾಡಲೇಬೇಕು. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ.

ವಿಮಾನ ನಿಲ್ದಾಣದ ಹೆದ್ದಾರಿಗೆ ಅಂಟಿಕೊಂಡ ಹುಣಸಮಾರನಹಳ್ಳಿಯಂಥ ಕಡೆ ದೂಳನ್ನೂ ಮರೆಯಬೇಡಿ. ಫ್ಯಾನ್‌ಗೆ ದೂಳು ಕಟ್ಟಿ ಬಿಸಿ ಏರಿದರೆ, ಸುಟ್ಟುಹೋಗದಿರಲು ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸುತ್ತದೆ. ವಿದ್ಯುತ್ ತಂತಿ ಕಳಚಿ, ಮೆತ್ತನೆಯ ಬ್ರಷ್‌ನಿಂದ ಒರೆಸಿ.

ಡಿಸ್ಕ್‌ನಿಂದ ಕಟಕಟ ಸದ್ದು ಬರುತ್ತಿದೆಯೆ? ವೇಗದ ಮಾತು ಆಮೇಲೆ. ಮಕ್ಕಳ ಫೋಟೊ, ಪಹಣಿ, ಅಂಕಪಟ್ಟಿಗಳನ್ನು ಮೊದಲು ಬೇರೆಡೆ ನಕಲು ಮಾಡಿಕೊಳ್ಳಿ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಗ್ಗದ ಯಂತ್ರಗಳಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಬಹುದು. ಅದರಲ್ಲಿ ಕನ್ನಡ ಟೈಪಿಂಗೂ ಸಾಧ್ಯ.