ಫುಲ್ ಸ್ಟ್ಯಾಕ್ ವೆಬ್ ಡೆವಲಪರ್ ವೃತ್ತಿ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಪದವಿ ಪರೀಕ್ಷೆಗಳ ಫಲಿತಾಂಶ ಪ್ರಕಟವಾದ ಮೇಲೆ ಚಿಮ್ಮಡದಂತಹ ಗ್ರಾಮಗಳಲ್ಲಿ ಸದಸ್ಯರ ಮನೆಬಾಗಿಲಿಗೆ ಬರುವ ಪಾಲಕರ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲು ಪೊಲೀಸ್ ಭರ್ತಿ, ಶಿಕ್ಷಕರ ನೇಮಕಾತಿಗಳ ವಿಚಾರಣೆ ಇರುತ್ತಿತ್ತು. ಈಗ, "ಮಗ ಫುಲ್ ಸ್ಟ್ಯಾಕ್ ಕಲೀತೀನಿ ಅಂತಾನ್ರಿ, ರೊಕ್ಕಾ ಕಟ್ಟಲೇನ್ರಿ?" ಎಂದು ಕೇಳುತ್ತಾರೆ. ಕಬ್ಬಿನ ಬಿಲ್ಲು ಕೈಸೇರಿದ ದಿನಗಳಲ್ಲಿ ಈ ಪ್ರಶ್ನೆ ಇನ್ನೂ ಹೆಚ್ಚು. ಊರಿನ ಹಿರಿಯರೆಂದು ತಮ್ಮ ಮಾತನ್ನು ನಂಬಿ ಹಣ ಕಟ್ಟುವವರೂ, ಜಾಮೀನಿಗೆ ತಮ್ಮ ಸಹಿ ಕೇಳುವವರೂ ಇರುವುದರಿಂದ, ಈ ವೃತ್ತಿ ಎಂತಹುದೆಂಬುದನ್ನು ಸದಸ್ಯರು ಅರಿತಿರುವುದು ಅವಶ್ಯವೆನಿಸಿ ಈ ಲೇಖನವನ್ನು ಬರೆಯಲಾಗಿದೆ.

ಸ್ಟ್ಯಾಕ್ ಎಂದರೆ ಒಂದರ ಮೇಲೊಂದು ಒಟ್ಟಿದ ಪದರುಗಳು. ನಮ್ಮ ಕಣದ ಬಣವೆಯಂತೆ. ಜಾಲತಾಣವೊಂದರ ಎಲ್ಲ ಪದರುಗಳನ್ನೂ ತಾನೇ ಕಟ್ಟಬಲ್ಲವನು ಫುಲ್ ಸ್ಟ್ಯಾಕ್ ಡೆವಲಪರ್. ಆ ಪದರುಗಳು ಯಾವುವೆಂದು ತಿಳಿಯಲು ದೂರ ಹೋಗಬೇಕಿಲ್ಲ. 2013ರಿಂದ ಬಳಕೆಯಲ್ಲಿರುವ ಇ-ಸ್ವತ್ತು ತಂತ್ರಾಂಶವನ್ನೇ ನೋಡಬಹುದು. ನಮೂನೆ-9ಕ್ಕೆ ಅರ್ಜಿ ಬಂದಾಗ ಸಿಬ್ಬಂದಿ ಗಣಕಯಂತ್ರದಲ್ಲಿ ಮಾಲೀಕರ ಹೆಸರು, ಚಕ್ಕುಬಂದಿ, ಅಳತೆಗಳನ್ನು ತುಂಬುವ ಪುಟವಿದೆಯಲ್ಲವೇ? ಕಣ್ಣಿಗೆ ಕಾಣುವ ಆ ಪುಟವೇ ಮುಂಭಾಗ. ತುಂಬಿದ ವಿವರ ಸರಿಯಿದೆಯೇ, ಅದನ್ನು ಅನುಮೋದಿಸುವ ಅಧಿಕಾರ ಯಾರಿಗಿದೆ, ಡಿಜಿಟಲ್ ಸಹಿ ಬೀಳುವ ಮುನ್ನ ಯಾವ ಹಂತ ಮುಗಿದಿರಬೇಕು ಎಂಬ ನಿಯಮಗಳನ್ನು ದೂರದ ಸರ್ವರ್‌ನಲ್ಲಿ ಕುಳಿತು ಪಾಲಿಸುವ ಭಾಗವೇ ಹಿಂಭಾಗ. ಗ್ರಾಮದ ಪ್ರತಿ ಆಸ್ತಿಯ ವಿವರವನ್ನು ಕಾಲಂವಾರು ಕಾಯ್ದಿಡುವ ವಹಿಯೇ ದತ್ತಸಂಚಯ. ಇದೇ ಆಸ್ತಿಯ ಮಾಹಿತಿಯನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವೂ ಪಡೆಯುತ್ತದೆ. ಎರಡು ತಂತ್ರಾಂಶಗಳ ನಡುವಿನ ಈ ಕೊಡು-ಕೊಳ್ಳುವ ದಾರಿಯನ್ನು ಕಟ್ಟುವುದೂ ಡೆವಲಪರನ ಕೆಲಸವೇ. ಕಚೇರಿಯಲ್ಲಿ "ಸರ್ವರ್ ಡೌನ್" ಎಂದು ನಾವು ಹೇಳುವಾಗ ಪುಟವು ತೆರೆದೇ ಇದ್ದು ಕೆಲಸ ಮಾತ್ರ ನಿಂತಿದ್ದರೆ, ದೋಷ ಸಾಮಾನ್ಯವಾಗಿ ಈ ಹಿಂಭಾಗದಲ್ಲೋ ದತ್ತಸಂಚಯದಲ್ಲೋ ನಡುವಿನ ಜಾಲಸಂಪರ್ಕದಲ್ಲೋ ಇರುತ್ತದೆ.

ಕಲಿಕೆಯ ಕ್ರಮವೂ ಇದನ್ನೇ ಅನುಸರಿಸುತ್ತದೆ. ಪುಟದ ಹಂದರಕ್ಕೆ ಎಚ್‌ಟಿಎಂಎಲ್, ಅದರ ಅಂದಕ್ಕೆ ಸಿಎಸ್‌ಎಸ್, ಚಲನೆಗೆ 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್. ಬಳಿಕ ಹಿಂಭಾಗಕ್ಕೆ ನೋಡ್, ಪೈಥಾನ್ ಅಥವಾ ಜಾವಾ ಇವುಗಳಲ್ಲಿ ಒಂದೇ ಒಂದು. ಮೂರಕ್ಕೂ ಕೈಹಾಕುವವರು ಬಹುಪಾಲು ಮೂರನ್ನೂ ಅರ್ಧಕ್ಕೆ ಬಿಡುತ್ತಾರೆ. ಅನಂತರ ದತ್ತಸಂಚಯಕ್ಕೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್, ಬರೆದುದರ ಆವೃತ್ತಿಗಳನ್ನು ಕಾಪಾಡಲು ಗಿಟ್. ದಿನಕ್ಕೆ ಮೂರು-ನಾಲ್ಕು ಗಂಟೆ ಕುಳಿತರೂ ಉದ್ಯೋಗ ಕೇಳುವ ಮಟ್ಟಕ್ಕೆ ಬರಲು ಒಂದು ವರ್ಷ ಬೇಕೆಂಬುದು, ಎಂಜಿನಿಯರಿಂಗ್ ಓದಿ ಪಂಚಾಯತಿ ಸೇವೆಗೆ ಬಂದ ನನ್ನ ಅಂದಾಜು. ಮೂರು ತಿಂಗಳಲ್ಲಿ ಕಲಿಸುವೆವೆಂಬ ಜಾಹೀರಾತನ್ನು ಈ ಅಳತೆಯಿಂದಲೇ ನೋಡಬೇಕು. ಮೊಬೈಲ್‌ನಲ್ಲಿ ಪಾಠ ಕೇಳಬಹುದೇ ಹೊರತು ಕೆಲಸ ಕಲಿಯಲಾಗದು. 8 ಜಿಬಿ ಸ್ಮೃತಿಯ ಸಾಧಾರಣ ಲ್ಯಾಪ್‌ಟಾಪ್ ಬೇಕು. ತಂತ್ರಾಂಶಗಳಿಗೆ ಮಾತ್ರ ಒಂದು ರೂಪಾಯಿಯೂ ಖರ್ಚಿಲ್ಲ, ಮೇಲೆ ಹೆಸರಿಸಿದ ಎಲ್ಲವೂ ಉಚಿತವಾಗಿ ದೊರೆಯುತ್ತವೆ. ಕೇಂದ್ರ ಸರ್ಕಾರದ ಸ್ವಯಂ, ಐಐಟಿಗಳು ನಡೆಸುವ ಎನ್‌ಪಿಟಿಇಎಲ್, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್, ಫ್ರೀಕೋಡ್‌ಕ್ಯಾಂಪ್ ಇವುಗಳಲ್ಲಿ ಪಾಠಗಳನ್ನು ಹಣ ಕೊಡದೆ ಕಲಿಯಬಹುದು. ಸ್ವಯಂನಲ್ಲಿ ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ.

ಹೀಗಿರುವಾಗ ಪಾಲಕರು ಹಣ ಕಟ್ಟುವುದು ಯಾವುದಕ್ಕೆ? ಶಿಸ್ತಿಗೆ, ಸಂದೇಹ ಬಗೆಹರಿಸುವ ಶಿಕ್ಷಕರಿಗೆ, ಜೊತೆಗಾರರ ಸಂಗಕ್ಕೆ. ಇವುಗಳಿಗೆ ಬೆಲೆಯಿದೆ, ನಿಜ. ಆದರೆ ಕೆಲವು ತರಬೇತಿ ಸಂಸ್ಥೆಗಳು "ಉದ್ಯೋಗ ಖಾತರಿ" ಎಂಬ ಮಾತಿನ ಮೇಲೆ ದೊಡ್ಡ ಶುಲ್ಕ ಪಡೆಯುತ್ತವೆ. ಕಂತುಗಳಲ್ಲಿ ಕಟ್ಟಬಹುದೆಂದು ಹೇಳಿ ಸಹಿ ಮಾಡಿಸುವ ಕಾಗದವು ಅನೇಕ ವೇಳೆ ಫೈನಾನ್ಸ್ ಕಂಪನಿಯೊಂದರ ಸಾಲಪತ್ರವಾಗಿರುತ್ತದೆ. ಸಾಲ ಪಾಲಕರ ಹೆಸರಿನಲ್ಲಿ, ಪತ್ರ ಇಂಗ್ಲಿಷಿನಲ್ಲಿ. ಹುಡುಗ ಎರಡನೆಯ ತಿಂಗಳಿಗೇ ತರಗತಿ ಬಿಟ್ಟು ಊರಿಗೆ ಮರಳಿದರೂ ಕಂತು ನಿಲ್ಲುವುದಿಲ್ಲ. ಕಂತು ತಪ್ಪಿದರೆ ಅದರ ದಾಖಲೆ ಉಳಿದು, ಮುಂದೆ ಬೆಳೆಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಬ್ಯಾಂಕಿಗೆ ಹೋದಾಗ ಅಡ್ಡ ಬರಬಹುದು. ಆದ್ದರಿಂದ ಸಲಹೆ ಕೇಳಿ ಬಂದವರಿಗೆ ಸದಸ್ಯರು ಮೊದಲು ಕೇಳಬೇಕಾದುದು ಇಷ್ಟು: ಕಾಗದ ಸಾಲದ್ದೋ ಶುಲ್ಕದ್ದೋ, ನಡುವೆ ಬಿಟ್ಟರೆ ಹಣ ಮರಳುವುದೋ ಇಲ್ಲವೋ, ಖಾತರಿಯ ಮಾತು ಬರಹದಲ್ಲಿದೆಯೋ ಬಾಯಲ್ಲಷ್ಟೇ ಇದೆಯೋ. ಕಳೆದ ತಂಡದಲ್ಲಿ ಕಲಿತ ಇಬ್ಬರೊಡನೆ ನೇರವಾಗಿ ಮಾತನಾಡದೆ ಮುಂಗಡ ಕೊಡಬಾರದು. ಚಿನ್ನ ಒತ್ತೆಯಿಡುವ ಮುನ್ನ ಮೂರು ತಿಂಗಳು ಉಚಿತ ಪಾಠಗಳನ್ನೇ ಕಲಿತು ನೋಡಲೆಂದು ಹೇಳುವುದು ನನ್ನ ಮಟ್ಟಿಗೆ ಉತ್ತಮ ಸಲಹೆ. ಆ ಮೂರು ತಿಂಗಳಲ್ಲಿ ಆಸಕ್ತಿ ಉಳಿದರೆ ಮುಂದಿನದು ಸುಲಭ. ಉಳಿಯದಿದ್ದರೆ ಮನೆಯ ಚಿನ್ನವಾದರೂ ಉಳಿಯುತ್ತದೆ.

ಉದ್ಯೋಗದ ಸ್ಥಿತಿಯನ್ನೂ ಮರೆಮಾಚದೆ ಹೇಳಬೇಕು. ಸರಳ ಪುಟಗಳನ್ನು ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೇ ಬರೆದುಕೊಡುತ್ತಿರುವುದರಿಂದ, ಮುಂಭಾಗವನ್ನಷ್ಟೇ ಬಲ್ಲ ಹೊಸಬರಿಗೆ ಬಾಗಿಲು ಕಿರಿದಾಗಿದೆ. ದೊಡ್ಡ ಕಂಪನಿಗಳು ಬಿ.ಇ., ಬಿಸಿಎ, ಎಂಸಿಎ ಪದವಿಗಳನ್ನು ಕೇಳುತ್ತವೆ. ಚಿಕ್ಕ ಕಂಪನಿಗಳು ಪ್ರಮಾಣಪತ್ರಕ್ಕಿಂತ ಅಭ್ಯರ್ಥಿ ತಾನೇ ಕಟ್ಟಿದ, ತೆರೆದು ನೋಡಬಹುದಾದ ಜಾಲತಾಣವನ್ನು ಹೆಚ್ಚು ಗಮನಿಸುತ್ತವೆ. ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ರಾಜ್ಯದ 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮದಲ್ಲಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯೂ ಒಂದು ವಲಯವಾಗಿದೆ.

ತೋರಿಸಲು ಯೋಗ್ಯವಾದ ಕೆಲಸ ನಮ್ಮ ಸುತ್ತಲೇ ಇದೆ. ರಬಕವಿ-ಬನಹಟ್ಟಿಯ ನೇಕಾರರ ಸೀರೆಗಳ ಚಿತ್ರಪಟ್ಟಿ, ಮಹಾಲಿಂಗಪುರದ ಬೆಲ್ಲದ ಧಾರಣೆ, ಓಣಿವಾರು ನೀರು ಬಿಡುವ ವೇಳೆ: ಇವುಗಳಲ್ಲಿ ಯಾವುದನ್ನು ಕಟ್ಟಿದರೂ ಮೂರೂ ಪದರುಗಳ ಅಭ್ಯಾಸವಾಗುತ್ತದೆ. ಕನ್ನಡ ಬಲ್ಲ ಡೆವಲಪರನಿಗೆ ಇಲ್ಲೊಂದು ಅನುಕೂಲವೂ ಉಂಟು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಸಭಾ ನಡಾವಳಿಯನ್ನು ಮೊಬೈಲ್‌ನಲ್ಲಿ ತೆರೆದು, ಅರ್ಥವಾಗದ ಚಿಹ್ನೆಗಳನ್ನು ಕಂಡು ಬೇಸರಪಟ್ಟ ಸದಸ್ಯರು ಹಲವರಿದ್ದಾರೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಒಡೆಯದಂತೆ ನೋಡಿ, ಹುಡುಕಿದರೆ ಸಿಗುವಂತೆ ಮಾಡುವ ಕೆಲಸಕ್ಕೆ ಕನ್ನಡವನ್ನು ಓದಬಲ್ಲ ಕಣ್ಣೇ ಬೇಕು.

ಕಲಿಕೆಯ ಅವಧಿಯ ಖರ್ಚಿಗೆ ಯುವನಿಧಿ ಆಸರೆಯಾಗಬಲ್ಲದು. ತೇರ್ಗಡೆಯಾಗಿ ಆರು ತಿಂಗಳಾದರೂ ಉದ್ಯೋಗ ದೊರೆಯದ ಅರ್ಹ ಪದವೀಧರರಿಗೆ ಮಾಸಿಕ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ., ಗರಿಷ್ಠ ಎರಡು ವರ್ಷ ದೊರೆಯುತ್ತದೆ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಇಲ್ಲ.

ಲ್ಯಾಪ್‌ಟಾಪ್ ಇಲ್ಲದವರಿಗೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದ ಗಣಕಯಂತ್ರಗಳಿವೆ. ಅವು ಹಗಲು ಖಾಲಿಯಿದ್ದು, ಹೊಲಮನೆ, ಮಗ್ಗದ ಕೆಲಸ ಮುಗಿಸಿ ಯುವಜನರು ಬರುವ ಹೊತ್ತಿಗೆ ಬೀಗ ಬಿದ್ದಿರುವ ಕಡೆಗಳಲ್ಲಿ, ಸಂಜೆಯ ವೇಳೆಯನ್ನು ವಿಸ್ತರಿಸುವ ವಿಷಯವನ್ನು ಗ್ರಾಮ ಪಂಚಾಯತಿಯ ಮುಂದಿನ ಸಭೆಯಲ್ಲಿ ಮಂಡಿಸಬಹುದು. ಯುವತಿಯರು ಕತ್ತಲಾಗುವ ಮುನ್ನ ಮನೆ ಸೇರಬೇಕಾಗುವುದರಿಂದ, ಅವರಿಗೆ ಬೇರೆ ವೇಳೆಯನ್ನು ಕಾಯ್ದಿರಿಸಿ ಸೂಚನಾ ಫಲಕದಲ್ಲಿ ಪ್ರಕಟಿಸತಕ್ಕದ್ದು.