ತಾನೇ ನಿಲ್ಲುವ ಹೆಲಿಕಾಪ್ಟರು ಮತ್ತು ಮನೆಯವರ ಎಚ್ಚರ

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಪರಿಚಿತ ಕುಟುಂಬವೊಂದರ ಮನೆಗೆ ಹೋಗಿದ್ದೆವು. ಊಟವಾದ ಬಳಿಕ ಆ ಮನೆಯ ಹದಿನಾಲ್ಕರ ಹುಡುಗನು ತನ್ನ ಸೋದರಮಾವ ತಂದುಕೊಟ್ಟ ರಿಮೋಟ್ ಹೆಲಿಕಾಪ್ಟರನ್ನು ನಮಗೆ ತೋರಿಸಲೆಂದು ಹಿತ್ತಲಿಗೆ ತಂದನು. “ಇದಕ್ಕ ಗೈರೊ ಐತ್ರಿ ಅಜ್ಜಾರ, ಕೈ ಬಿಟ್ರೂ ತಾನ ಸಮ ನಿಲ್ತೈತ್ರಿ” ಎಂದನು. ಯಂತ್ರವೂ ಹಾಗೆಯೇ ನಿಂತಿತು. ಅಷ್ಟರಲ್ಲಿ ರಿಮೋಟಿನೊಳಗಿನ ಬ್ಯಾಟರಿ ಸಡಿಲಗೊಂಡು ಅದರ ದೀಪ ಆರಿತು. ಹೆಲಿಕಾಪ್ಟರು ಮಾತ್ರ ಇಳಿಯಲಿಲ್ಲ. ಮೆಲ್ಲಗೆ ಏರುತ್ತ, ಗಾಳಿಗೆ ಸರಿಯುತ್ತ, ಗೋಡೆ ದಾಟಿ ಪಕ್ಕದ ಮನೆಯ ಮಾಳಿಗೆಯ ನೀರಿನ ಟಾಕಿಗೆ ಬಡಿದು ಬಿದ್ದಿತು. ಅಲ್ಲಿ ಸಂಡಿಗೆ ಒಣಹಾಕುತ್ತಿದ್ದ ತಾಯಿ ಅರೆಗಳಿಗೆಗೆ ಮುಂಚೆ ಕೆಳಗಿಳಿದು ಹೋಗಿದ್ದರು.

ಆ ಅರೆಗಳಿಗೆಯೇ ನಮ್ಮನ್ನು ಈ ವಿಷಯದ ಕಡೆಗೆ ಎಳೆಯಿತು. ನಮ್ಮ ಓದು ಶಾಸ್ತ್ರಗ್ರಂಥಗಳದು, ಯಂತ್ರಗಳದಲ್ಲ. ಆದರೂ ಬಲ್ಲವರನ್ನು ಕೇಳಿ, ಯಂತ್ರದ ಜೊತೆಗೆ ಬಂದ ಪುಸ್ತಿಕೆಯನ್ನು ಹುಡುಗನಿಂದ ಓದಿಸಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ಇಂತಹ ಯಂತ್ರಗಳು ಈಗ ಅನೇಕ ಮನೆಗಳಲ್ಲಿವೆ.

ಹೆಲಿಕಾಪ್ಟರಿನೊಳಗೆ ರಿಸೀವರ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ರಿಮೋಟಿನ ರೇಡಿಯೊ ಆಜ್ಞೆಗಳನ್ನು ಅದು ಕೇಳಿಸಿಕೊಳ್ಳುತ್ತದೆ. ಆಜ್ಞೆ ನಿಂತುಹೋದರೆ ಏನು ಮಾಡಬೇಕೆಂದು ಅದಕ್ಕೆ ಮೊದಲೇ ಹೇಳಿಡುವ ಏರ್ಪಾಡಿಗೆ ಫೇಲ್‌ಸೇಫ್ ಎಂದು ಹೆಸರು. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರುವುದು ಒಂದು. ಮೊದಲೇ ಗೊತ್ತುಮಾಡಿದ ಸ್ಥಿತಿಗೆ ಹೋಗುವುದು ಇನ್ನೊಂದು. ನಮ್ಮ ಹುಡುಗನ ಯಂತ್ರದಲ್ಲಿ ಇದ್ದುದು ಮೊದಲನೆಯದು. ಏರು ಎಂಬುದೇ ಕೊನೆಯ ಆಜ್ಞೆಯಾಗಿತ್ತು, ಅದು ಏರಿತು. ಹೆಲಿಕಾಪ್ಟರಿಗೆ ತಕ್ಕುದು ಎರಡನೆಯದು: ಸಂಪರ್ಕ ಕಡಿದೊಡನೆ ಮೋಟಾರು ನಿಲ್ಲಬೇಕು.

ಇದನ್ನು ಕೇಳಿ ಹುಡುಗನ ತಂದೆ ಹೌಹಾರಿದರು. “ಮೋಟಾರ ನಿಂತ್ರ ದಪ್ಪಂತ ಬಿದ್ದು ಒಡೀತೈತಲ್ರಿ, ರೊಕ್ಕ ಕೊಟ್ಟು ತಂದದ್ದು!” ಎಂದರು. ಒಡೆಯುವುದು ನಿಜ. ನೀವೇ ಯೋಚಿಸಿ ನೋಡಿ, ಒಡೆಯತಕ್ಕದ್ದು ಯಾವುದು? ಸುಮಾರು 70 ಸೆಂಟಿಮೀಟರ್ ಅಗಲದ ಸುತ್ತಿನಲ್ಲಿ ನಿಮಿಷಕ್ಕೆ 2,500 ಬಾರಿ ತಿರುಗುವ ರೆಕ್ಕೆಯ ತುದಿ ಗಂಟೆಗೆ 330 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಲೆಕ್ಕ ಹಾಕಿದವನು ಹುಡುಗನೇ. ದೊಡ್ಡ ಯಂತ್ರಗಳಲ್ಲಿ ಈ ವೇಗ ಇನ್ನೂ ಹೆಚ್ಚು. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಉದ್ಯಾನವೊಂದರಲ್ಲಿ 19 ವರ್ಷದ ತರುಣನೊಬ್ಬನು ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ರೆಕ್ಕೆ ತಲೆಗೆ ತಗಲಿ ಅಸುನೀಗಿದನು. ಅವನು ಹೊಸಬನೂ ಆಗಿರಲಿಲ್ಲ, ಪಳಗಿದವನು. ಇದನ್ನು ಹೇಳಿದ ಮೇಲೆ ತಂದೆಯವರು ರೊಕ್ಕದ ಮಾತೆತ್ತಲಿಲ್ಲ.

ಇನ್ನು ಗೈರೊ. ಹುಡುಗನ ನಂಬಿಕೆಯೆಲ್ಲ ಇದರ ಮೇಲಿತ್ತು. ಅಂಗಡಿಯವರು ಎಲ್ಲವನ್ನೂ ಗೈರೊ ಎಂದೇ ಕರೆಯುತ್ತಾರೆ. ಆದರೆ ಅದರ ಕೆಲಸ ಎರಡು ತೆರನಾದುದು. ಒಂದು, ಗಾಳಿ ತಳ್ಳಿದಾಗ ಹೊರಳದಂತೆ ತಡೆಯುತ್ತದೆ ಅಷ್ಟೆ. ನೀವು ಓರೆ ಮಾಡಿ ಕೈಬಿಟ್ಟರೆ ಓರೆಯಾಗಿಯೇ ಉಳಿಯುತ್ತದೆ. ಮತ್ತೊಂದು, ಭೂಮಿಯ ಸೆಳೆತದ ದಿಕ್ಕನ್ನೂ ಅಳೆದು, ಕೈಬಿಟ್ಟಾಗ ಮಟ್ಟಕ್ಕೆ ಮರಳುತ್ತದೆ. ಹೊಸಬರಿಗೆ ಎರಡನೆಯದು ಒಳ್ಳೆಯದು. ಆದರೆ ಮಟ್ಟವಾಗಿರುವುದೆಂದರೆ ನಿಂತಲ್ಲೇ ನಿಂತಿರುವುದೆಂದಲ್ಲ. ಗಾಳಿ ಬೀಸಿದರೆ ಯಂತ್ರವು ಮಟ್ಟವಾಗಿಯೇ ತೇಲಿಹೋಗುತ್ತದೆ. ಬರಿಯ ಗೈರೊಗೆ ಗೋಡೆ ತಿಳಿಯದು, ಮಾಳಿಗೆಯ ಮೇಲಿನ ತಾಯಿಯೂ ತಿಳಿಯರು. ಬ್ಯಾಟರಿ ಜೋಡಿಸಿದ ಮೇಲೆ ಕೆಲವು ಕ್ಷಣ ಯಂತ್ರವನ್ನು ಸಮನೆಲದಲ್ಲಿ ಅಲುಗಿಸದೆ ಇಡಬೇಕು. ಆಗ ಕೈಯಲ್ಲಿ ಹಿಡಿದು ಆಡಿಸಿದರೆ ಅದರ ಲೆಕ್ಕ ತಪ್ಪಿ, ಓರೆಯನ್ನೇ ಮಟ್ಟವೆಂದು ತಿಳಿದುಬಿಡಬಹುದು. ನೆಲ ಮುಟ್ಟಿದ ಮೇಲೂ ಅದು ತಿದ್ದುತ್ತಲೇ ಇರುವುದರಿಂದ ಯಂತ್ರ ಒಮ್ಮೆಲೇ ಮಗುಚುವುದುಂಟು. ಇಳಿದೊಡನೆ ಮೋಟಾರನ್ನು ನಿಲ್ಲಿಸಬೇಕು.

ನಿಲ್ಲಿಸುವ ಸ್ವಿಚ್ಚಿಗೆ ಥ್ರಾಟಲ್ ಹೋಲ್ಡ್ ಎನ್ನುವರು. ರೆಕ್ಕೆಯ ಓರೆಯನ್ನು ಬದಲಿಸುವ ಯಂತ್ರಗಳಲ್ಲಿ ಆಟದ ಒಂದು ಸ್ಥಿತಿಯುಂಟು. ಅದರಲ್ಲಿ ಕಡ್ಡಿಯನ್ನು ಪೂರ್ತಿ ಕೆಳಗೆಳೆದರೂ ಮೋಟಾರು ನಿಲ್ಲದು, ವೇಗವಾಗಿ ತಿರುಗುತ್ತಲೇ ಇರುತ್ತದೆ. ಗಾಬರಿಯಲ್ಲಿ ಬೆರಳು ಕಡ್ಡಿಯನ್ನು ಎಳೆಯುತ್ತದೆ, ಸ್ವಿಚ್ಚನ್ನು ಹುಡುಕುವುದಿಲ್ಲ. ಆದುದರಿಂದ ನೆಲದ ಮೇಲೆಯೇ, ಕಣ್ಣುಮುಚ್ಚಿ, ಆ ಸ್ವಿಚ್ಚನ್ನು ಹತ್ತಾರು ಸಲ ಅಭ್ಯಾಸ ಮಾಡಬೇಕು. ಹೆಲಿಕಾಪ್ಟರಿನ ಮೂತಿ ತನ್ನ ಕಡೆಗೆ ತಿರುಗಿದಾಗ ಎಡ ಬಲಗಳು ಅದಲುಬದಲಾಗುವುದರಿಂದ ಹೊಸಬರಿಗೆ ಈ ಸ್ವಿಚ್ಚು ನೆನಪಾಗಬೇಕಾದ ಪ್ರಸಂಗ ಬೇಗನೆ ಬರುತ್ತದೆ.

ಹಾರಿಸುವ ಸ್ಥಳವೂ ಹಿತ್ತಲಲ್ಲ. ಜನ, ದನ, ವಿದ್ಯುತ್ ತಂತಿ ಇಲ್ಲದ ಬಯಲು. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿರುವುದರಿಂದ ಆ ನಕ್ಷೆಯನ್ನು ನೋಡಿಯೇ ಹೊರಡುವಂತೆ ಹೇಳಿದೆವು.

ಎರಡು ತಿಂಗಳ ತರುವಾಯ ಮತ್ತೆ ಅಲ್ಲಿಗೆ ಹೋದಾಗ ಯಂತ್ರ ದುರಸ್ತಿಯಾಗಿತ್ತು. ಹುಡುಗನು ಅದರ ಮೇಲಿನ ರೆಕ್ಕೆಗಳನ್ನೂ ಬಾಲದ ರೆಕ್ಕೆಗಳನ್ನೂ ಬಿಚ್ಚಿಟ್ಟಿದ್ದನು. ಫೇಲ್‌ಸೇಫನ್ನು ಹೊಸದಾಗಿ ಗೊತ್ತುಮಾಡಿದ್ದನು. ತಂದೆಯವರು ದೂರದಲ್ಲಿ ನಿಂತಿದ್ದರು. ಮೊದಲು ರಿಮೋಟು, ಅನಂತರ ಹೆಲಿಕಾಪ್ಟರು, ಹೀಗೆ ಎರಡನ್ನೂ ಚಾಲೂ ಮಾಡಿ ಮೋಟಾರನ್ನು ಸ್ವಲ್ಪ ತಿರುಗಿಸಿದನು. ಬಳಿಕ ಬೇಕೆಂದೇ ರಿಮೋಟನ್ನು ಆರಿಸಿದನು. ಒಂದೆರಡು ಕ್ಷಣ ಯಾರೂ ಮಾತಾಡಲಿಲ್ಲ. ಮೋಟಾರು ನಿಂತಿತು. “ಇನ್ನೊಮ್ಮೆ ನೋಡಪಾ” ಎಂದೆವು. ಇನ್ನೊಮ್ಮೆಯೂ ನಿಂತಿತು. ಬ್ಯಾಟರಿಯನ್ನು ತೆಗೆದ ಮೇಲೆಯೇ ಹುಡುಗನು ರೆಕ್ಕೆಗಳನ್ನು ಜೋಡಿಸಲು ಕುಳಿತನು.