ಹಲಗೆ ನೀರು ಕುಡಿಯದಿರಲು

ಸಮುದ್ರದ ಅಲೆಯನ್ನೇರಿ ದಡದತ್ತ ಜಾರಿಬರುವ ಸರ್ಫಿಂಗ್ ಆಟಕ್ಕೆ ಬೇಕಾದದ್ದು ಒಂದು ಹಲಗೆ. ಈಗ ಅಂಗಡಿಯಲ್ಲಿ ಸಿಗುವ ಹಲಗೆಗಳು ಹೆಚ್ಚಾಗಿ ಫೋಮ್ ಮತ್ತು ಫೈಬರ್ ಗ್ಲಾಸಿನವು. ಆದರೂ ಪ್ಲೈವುಡ್ ತಂದು ತಾವೇ ಹಲಗೆ ಮಾಡಿಕೊಳ್ಳುವ ಹವ್ಯಾಸಿಗಳು ಹಲವು ದೇಶಗಳಲ್ಲಿ ಇದ್ದಾರೆ. ಆಕಾರ ಕೊಡುವುದು ಅವರಿಗೆ ದೊಡ್ಡ ಕೆಲಸವಲ್ಲ. ಹಲಗೆ ನೀರು ಕುಡಿಯದಂತೆ ನೋಡಿಕೊಳ್ಳುವುದೇ ದೊಡ್ಡದು. ನೀರು ಕುಡಿದ ಹಲಗೆ ಭಾರವಾಗುತ್ತದೆ, ಪದರ ಬಿಡುತ್ತದೆ. ದಡದಿಂದ ದೂರದಲ್ಲಿ ಹಾಗಾದರೆ ಸವಾರನ ಜೀವಕ್ಕೇ ಅಪಾಯ.

ಈ ಚಿಂತೆ ಹೊಸದಲ್ಲ. 1823ರಲ್ಲಿ ಹವಾಯಿ ದ್ವೀಪವನ್ನು ಸುತ್ತಿದ ಮಿಷನರಿ ವಿಲಿಯಂ ಎಲ್ಲಿಸ್, ಅಲ್ಲಿನ ಜನ ತಮ್ಮ ಹಲಗೆಗಳನ್ನು ಕಾಪಾಡುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಆಟ ಮುಗಿದೊಡನೆ ಹಲಗೆಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸುವುದು, ಕೊಬ್ಬರಿ ಎಣ್ಣೆ ಉಜ್ಜುವುದು, ಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುವುದು. ಕೊಬ್ಬರಿ ಎಣ್ಣೆ ಗಾಳಿಗೆ ಗಟ್ಟಿಯಾಗದು. ಆದ್ದರಿಂದ ಅದನ್ನು ಮತ್ತೆ ಮತ್ತೆ ಹಚ್ಚಬೇಕು. ಅಗಸೆ ಎಣ್ಣೆಯಂಥವು ಗಾಳಿಯ ಆಮ್ಲಜನಕವನ್ನು ಹೀರಿ ಪೊರೆಗಟ್ಟುತ್ತವೆ. ವಾರ್ನಿಷ್ ಹುಟ್ಟಿದ್ದು ಈ ಗುಣದಿಂದಲೇ.

ಹವಾಯಿಯವರ ಹಲಗೆ ಇಡೀ ಮರದ್ದು, ಬಹಳ ಭಾರದ್ದು. ಅದನ್ನು ಹಗುರಗೊಳಿಸಿದವನು ಅಮೆರಿಕದ ಟಾಮ್ ಬ್ಲೇಕ್. 1926ರಲ್ಲಿ ಅವನು ಹಳೆಯ ಹವಾಯಿ ಹಲಗೆಯ ಮಾದರಿಯೊಂದನ್ನು ಮಾಡಿ, ಅದರ ತುಂಬ ರಂಧ್ರ ಕೊರೆದು, ಮೇಲೆ ತೆಳು ಮರದ ಹೊದಿಕೆ ಅಂಟಿಸಿದ. ಮುಂದೆ ವಿಮಾನದ ರೆಕ್ಕೆಯಂತೆ ಒಳಗೆ ಅಡ್ಡಪಟ್ಟಿಗಳ ಚೌಕಟ್ಟು, ಹೊರಗೆ ತೆಳು ಹೊದಿಕೆ ಇರುವ ಟೊಳ್ಳು ಹಲಗೆಯನ್ನು ರೂಪಿಸಿ, 1932ರಲ್ಲಿ ಪೇಟೆಂಟ್ ಪಡೆದ. ಅಂಥ ಹಲಗೆಗಳ ನಕ್ಷೆಗಳು ಪತ್ರಿಕೆಗಳಲ್ಲಿ ಬಂದಮೇಲೆ ಮನೆಮನೆಯ ಮರಗೆಲಸಗಾರರೂ ಉಳಿ, ಗರಗಸ ಹಿಡಿದರು. ಹಲಗೆ ಹಗುರಾಯಿತು, ಜೊತೆಗೆ ಸೋರುವ ಕಾಟವೂ ಶುರುವಾಯಿತು.

ಮರ ನೀರು ಕುಡಿಯುವುದೇಕೆ? ಅದು ಬೆಳೆದದ್ದೇ ನೀರನ್ನು ಸಾಗಿಸಲು. ಕಾಂಡದ ಉದ್ದಕ್ಕೂ ಇರುವ ಸಣ್ಣ ನಾಳಗಳು ಮರ ಕಡಿದಮೇಲೂ ಉಳಿಯುತ್ತವೆ. ಅಡ್ಡ ಕೊಯ್ದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುವುದರಿಂದ, ಮೈಗಿಂತ ತುದಿಯೇ ಬೇಗ ನೀರು ಹೀರುತ್ತದೆ. ಹೀರಿದ ಮರ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದರಿಂದಲೇ. ಪ್ಲೈವುಡ್ಡಿನಲ್ಲಿ ಪದರಗಳು ಒಂದರ ಮೇಲೊಂದು ಅಡ್ಡಡ್ಡವಾಗಿವೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ತಡೆಯುತ್ತದೆ. ಪ್ಲೈವುಡ್ಡಿನ ಬಲ ಇದೇ. ಆದರೆ ಒದ್ದೆಯಾದಾಗ ಈ ಜಗಳದ ಪೆಟ್ಟೆಲ್ಲ ಬೀಳುವುದು ನಡುವಿನ ಅಂಟಿನ ಮೇಲೆ.

ಆದ್ದರಿಂದ ಜಲನಿರೋಧ ಆರಂಭವಾಗುವುದು ಬಣ್ಣದ ಡಬ್ಬಿಯಿಂದಲ್ಲ, ಕಾರ್ಖಾನೆಯ ಅಂಟಿನಿಂದ. ಮೊದಲಿಗೆ ಪ್ರಾಣಿಗಳ ರಕ್ತ, ಸೋಯಾ ಮುಂತಾದವುಗಳ ಅಂಟು ಬಳಕೆಯಲ್ಲಿತ್ತು. ನೀರಿನಲ್ಲಿ ಅದು ಬಾಳುತ್ತಿರಲಿಲ್ಲ. 1934ರಲ್ಲಿ ವಾಷಿಂಗ್ಟನ್ ರಾಜ್ಯದ ಅಬರ್ಡೀನಿನಲ್ಲಿ ರಸಾಯನಶಾಸ್ತ್ರಜ್ಞ ಜೇಮ್ಸ್ ನೆವಿನ್ ಪೂರ್ಣ ಜಲನಿರೋಧಕ ಅಂಟನ್ನು ಸಿದ್ಧಪಡಿಸಿದ. ಇಂದು ಈ ಕೆಲಸಕ್ಕೆ ಹೆಚ್ಚಾಗಿ ಫೀನಾಲ್ ರಾಳ ಬಳಸುತ್ತಾರೆ. ನಮ್ಮಲ್ಲಿ ಮೆರೈನ್ ಪ್ಲೈವುಡ್ ಮೇಲೆ ಕಾಣುವ ಐಎಸ್ 710 ಎಂಬ ಗುರುತಿನ ಹಿಂದೆ, ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಅಂಟಿನ ಬಲ ನೋಡುವ ಪರೀಕ್ಷೆ ಇದೆ. ಆದರೆ ಗಟ್ಟಿಯಾದದ್ದು ಅಂಟು ಮಾತ್ರ. ಮರ ನೀರು ಹೀರುವುದನ್ನು ಬಿಟ್ಟಿರುವುದಿಲ್ಲ.

ಮಾಡುವವನ ಕೆಲಸ ಇಲ್ಲಿಂದ ಮುಂದೆ. ಹೊಸಬರು ಮೈಗೆ ನಾಲ್ಕು ಸಲ ವಾರ್ನಿಷ್ ಬಳಿದು ಅಂಚಿಗೆ ಒಂದು ಸಲ ಕೈಯಾಡಿಸುತ್ತಾರೆ. ಬೇಕಾದದ್ದು ಇದಕ್ಕೆ ತಿರುಗುಮುರುಗು. ಪ್ಲೈವುಡ್ಡಿನ ನಾಲ್ಕೂ ಅಂಚುಗಳಲ್ಲಿ ಒಂದಲ್ಲ ಒಂದು ಪದರದ ನಾಳಗಳು ಬಾಯಿತೆರೆದಿರುತ್ತವೆ. ತೆಳುವಾದ ಎಪಾಕ್ಸಿ ರಾಳವನ್ನು ಅಂಚು ಇನ್ನು ಹೀರದು ಎನ್ನುವವರೆಗೆ ಕುಡಿಸಬೇಕು. ಸ್ಕ್ರೂ ಹಾಕುವಲ್ಲಿ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದಮೇಲೆ ಅದರೊಳಗೆ ಮತ್ತೆ ಸಣ್ಣದಾಗಿ ಕೊರೆಯಬೇಕು. ಆಗ ಸ್ಕ್ರೂ ಮರವನ್ನು ಮುಟ್ಟುವುದಿಲ್ಲ. ಲೇಪನಕ್ಕೆ ಸಂಜೆಯೇ ಒಳ್ಳೆಯದು. ಬಿಸಿಲೇರುವಾಗ ಹಚ್ಚಿದರೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯೇಳುತ್ತದೆ. ತಂಪೇರುವಾಗ ಅದು ಕುಗ್ಗಿ ರಾಳವನ್ನು ಒಳಗೆಳೆದುಕೊಳ್ಳುತ್ತದೆ. ಎಪಾಕ್ಸಿಗೆ ಬಿಸಿಲು ಆಗದು. ಅದರ ಮೇಲೆ ಅತಿನೇರಳೆ ಕಿರಣ ತಡೆಯುವ ವಾರ್ನಿಷ್ ಇರಲೇಬೇಕು.

ಟೊಳ್ಳು ಹಲಗೆಗೆ ಇನ್ನೊಂದು ಗಂಡಾಂತರ. ಮರಳಿನ ಮೇಲೆ ಬಿಸಿಲಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿಡಿಸುತ್ತದೆ. ಅದೇ ಹಲಗೆ ತಣ್ಣೀರಿಗಿಳಿದರೆ ಗಾಳಿ ಕುಗ್ಗಿ, ಸೂಜಿಮೊನೆಯಷ್ಟು ಬಿರುಕಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ಇದಕ್ಕೇ ಅಂಥ ಹಲಗೆಗಳಲ್ಲಿ ಬಿರಡೆಯೊಂದನ್ನು ಇಡುತ್ತಾರೆ. ದಡದಲ್ಲಿ ಅದನ್ನು ತೆಗೆದಿಡಬೇಕು, ನೀರಿಗಿಳಿಯುವ ಮುನ್ನ ಮುಚ್ಚಬೇಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ರೂಢಿಯುಂಟು. ಕೈಗೆ ತಾಗಿದರೆ ಚರ್ಮ ಸುಡುವ ಆ ಕಪ್ಪು ಎಣ್ಣೆಯಲ್ಲಿರುವುದೂ ಫೀನಾಲ್ ಬಳಗದ ವಸ್ತುಗಳೇ. ಕಾರ್ಖಾನೆಯ ಅಂಟಿಗೂ ದೋಣಿಯವರ ಎಣ್ಣೆಗೂ ಹೀಗೊಂದು ದೂರದ ನೆಂಟಸ್ತಿಕೆ.

ಯಾವ ಲೇಪನವೂ ಶಾಶ್ವತವಲ್ಲ. ಕಲ್ಲಿಗೆ ತಾಗಿದಲ್ಲಿ, ಮರಳು ಉಜ್ಜಿದಲ್ಲಿ ಪೊರೆ ಹರಿಯುತ್ತದೆ. ಆಗ ಅವಸರದಿಂದ ಮೇಲೆ ಬಳಿದರೆ ಒಳಗಿನ ತೇವ ಅಲ್ಲೇ ಸೆರೆಯಾಗಿ ಮರ ಕೊಳೆಯುತ್ತದೆ. ಹಲಗೆಯನ್ನು ದಿನಗಟ್ಟಲೆ ನೆರಳಿನಲ್ಲಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಆಮೇಲೆ ಮುಚ್ಚಬೇಕು. ರಾಳ, ವಾರ್ನಿಷ್‌ಗಳು ನೀರನ್ನು ತಡೆದಿಡುತ್ತವೆ, ಅಷ್ಟೇ. ಹಲಗೆಯ ಆಯುಷ್ಯವನ್ನು ತೀರ್ಮಾನಿಸುವುದು, ಹವಾಯಿಯವರು ಮಾಡುತ್ತಿದ್ದಂತೆ, ಆಟ ಮುಗಿದಮೇಲೆ ಅದನ್ನು ಒಣಗಿಸಿಡುವ ಕೈ.